ಆಚೆ ಕಡೆಯಿಂದ ಉತ್ತರ ಬರದಿದ್ದಾಗ: ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ನೆಟ್‌ವರ್ಕ್ ಜೋಡಿಸುವ ಬಗೆ

ಒಂದು ಸಗಟು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ. ಕೌಂಟರಿನಲ್ಲಿ ಒಂದು ಕಂಪ್ಯೂಟರ್, ಹಿತ್ತಲಿನ ಗೋಡೌನಿನಲ್ಲಿ ಇನ್ನೊಂದು, ನಡುವೆ ಒಂದು ವೈಫೈ ರೂಟರ್. ಕೌಂಟರಿನಲ್ಲಿ ಬಿಲ್ ಹಾಕಿದ ಕೂಡಲೇ ಗೋಡೌನಿನ ಪರದೆಯಲ್ಲಿ ‘ಬೆಲ್ಲ 10 ಕೆಜಿ, ತೊಗರಿಬೇಳೆ 25 ಕೆಜಿ’ ಎಂದು ಕಾಣಿಸಬೇಕು, ಅಲ್ಲಿರುವ ಹುಡುಗ ಮೂಟೆ ತೆಗೆದಿಡಬೇಕು. ಅಂಗಡಿಯವರ ಬೇಡಿಕೆ ಇಷ್ಟೇ. ಬಿಲ್ಲಿಂಗ್ ತಂತ್ರಾಂಶ ಈಗಾಗಲೇ ಇದೆ. ಪೈಥಾನ್‌ನಲ್ಲಿ ಬರೆದದ್ದು, ಕಿಟಕಿ ಗುಂಡಿಗಳೆಲ್ಲ ಟಿಕಿಂಟರ್‌ನವು. ಅದಕ್ಕೆ ‘ಕಳಿಸು’ ಅನ್ನುವ ಕೆಲಸವೊಂದನ್ನು ಸೇರಿಸಬೇಕು.

ಸೇರಿಸುವುದು ಕಷ್ಟವಲ್ಲ. ಸಾಕೆಟ್ ತೆರೆ, ವಿಳಾಸಕ್ಕೆ ಜೋಡಿಸು, ಬೈಟ್‌ಗಳನ್ನು ಕಳಿಸು, ಮುಚ್ಚು: ಹತ್ತು ಸಾಲಿನ ಕೋಡ್. 1983ರಲ್ಲಿ ಬರ್ಕ್ಲಿಯ 4.2 ಬಿಎಸ್‌ಡಿ ಯುನಿಕ್ಸ್ ಜೊತೆ ಬಂದ ಈ ಸಾಕೆಟ್ ಎಂಬ ಏರ್ಪಾಡು ಹೆಚ್ಚುಕಡಿಮೆ ಅದೇ ರೂಪದಲ್ಲಿ ಇವತ್ತಿಗೂ ಇದೆ. ವಿಂಡೋಸ್‌ನ ವಿನ್‌ಸಾಕ್ ಕೂಡ ಅದನ್ನೇ ಅನುಸರಿಸಿತು. ಅಲ್ಲಿ ಕಲಿತದ್ದು ಸಿ, ಜಾವಾ, ಸಿ ಶಾರ್ಪ್, ಪೈಥಾನ್ ಎಲ್ಲದರಲ್ಲೂ ನಡೆಯುತ್ತದೆ. ಆ ಹತ್ತು ಸಾಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲ ಸಲಕ್ಕೇ ಓಡುತ್ತದೆ. ಅಂಗಡಿಗೆ ಹೋದ ಮೇಲೆ ಒಂದು ದಿನ ಗೋಡೌನಿನ ಕಂಪ್ಯೂಟರ್ ಆಫ್ ಆಗಿರುತ್ತದೆ, ಕೌಂಟರಿನ ಕಿಟಕಿ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತದೆ, ಗಿರಾಕಿಗಳು ಸಾಲುಗಟ್ಟಿ ನಿಂತಿರುತ್ತಾರೆ. ನೆಟ್‌ವರ್ಕ್ ಪ್ರೋಗ್ರಾಮಿಂಗ್‌ನಲ್ಲಿ ಕಳಿಸುವುದಕ್ಕೆ ತಗಲುವ ಶ್ರಮ ಅಲ್ಪ. ಆಚೆ ಕಡೆಯಿಂದ ಉತ್ತರವೇ ಬರದಿದ್ದಾಗ ಏನು ಮಾಡಬೇಕೆಂದು ನಿರ್ಧರಿಸುವುದರಲ್ಲೇ ಹೆಚ್ಚಿನ ಶ್ರಮ ಹೋಗುತ್ತದೆ, ಹೋಗಲೂಬೇಕು.

ಕೋಡ್ ಮುಟ್ಟುವ ಮೊದಲು

ಎರಡು ಕಂಪ್ಯೂಟರ್ ಮಾತಾಡಬೇಕು ಎಂದಾಕ್ಷಣ ಬಹಳ ಜನ ಹಿಡಿಯುವ ಅಡ್ಡದಾರಿ ಎಂದರೆ ಒಂದು ಶೇರ್ಡ್ ಫೋಲ್ಡರ್ ಮಾಡಿ ಡೇಟಾಬೇಸ್ ಫೈಲನ್ನು ಅದರೊಳಗೆ ಇಟ್ಟು ಎರಡೂ ಕಡೆಯಿಂದ ತೆರೆಯುವುದು. ಬೇಡ. ಎಸ್‌ಕ್ಯೂಎಲೈಟ್ ರೂಪಿಸಿದವರೇ ಇದರ ವಿರುದ್ಧ ಎಚ್ಚರಿಸಿದ್ದಾರೆ. ನೆಟ್‌ವರ್ಕ್ ಫೋಲ್ಡರುಗಳಲ್ಲಿ ಫೈಲಿಗೆ ಬೀಗ ಹಾಕುವ ವ್ಯವಸ್ಥೆಯನ್ನು ನಂಬಲಾಗದು. ಇಬ್ಬರೂ ಒಟ್ಟಿಗೆ ಬರೆದರೆ ಫೈಲೇ ಕೆಡಬಹುದು.

ಹೊಸದಾಗಿ ಬರೆಯುವವರಿಗೆ ನನ್ನ ಸಲಹೆ ಎಚ್‌ಟಿಟಿಪಿ. ಗೋಡೌನಿನ ಕಂಪ್ಯೂಟರಿನಲ್ಲಿ ಫ್ಲಾಸ್ಕ್‌ನಂಥ ಸಣ್ಣ ಸರ್ವರ್, ಕೌಂಟರಿನಿಂದ ಜೇಸನ್ ರೂಪದಲ್ಲಿ ಒಂದು ಪೋಸ್ಟ್. ಸಂದೇಶ ಎಲ್ಲಿ ಮುಗಿಯುತ್ತದೆ, ತಪ್ಪಾದರೆ ಹೇಗೆ ತಿಳಿಸಬೇಕು, ಗೂಢಲಿಪಿ ಹೇಗೆ ಎಂಬ ಪ್ರಶ್ನೆಗಳಿಗೆಲ್ಲ ಅದರಲ್ಲಿ ಸಿದ್ಧ ಉತ್ತರಗಳಿವೆ. ಸರ್ವರ್ ತಾನಾಗಿ ಸುದ್ದಿ ತಳ್ಳಬೇಕಿದ್ದರೆ 2011ರಲ್ಲಿ ಮಾನಕವಾದ ವೆಬ್‌ಸಾಕೆಟ್ ಇದೆ.

ಹಾಗಿದ್ದೂ ಬರಿಯ ಸಾಕೆಟ್ ಹೇಗೆ ನಡೆದುಕೊಳ್ಳುತ್ತದೆಂದು ತಿಳಿದಿರಲೇಬೇಕು. ಬಿಲ್ ಪ್ರಿಂಟರನ್ನು ನೆಟ್‌ವರ್ಕಿಗೆ ಜೋಡಿಸಿದರೆ ಅದು ಸಾಮಾನ್ಯವಾಗಿ 9100ನೇ ಪೋರ್ಟಿನಲ್ಲಿ ಕಚ್ಚಾ ಬೈಟ್‌ಗಳಿಗಾಗಿ ಕಾದಿರುತ್ತದೆ, ಎಚ್‌ಟಿಟಿಪಿಗಲ್ಲ. ತೂಕದ ಯಂತ್ರವನ್ನು ಕನ್ವರ್ಟರ್ ಮೂಲಕ ಜೋಡಿಸಿದಾಗಲೂ ಬರುವುದು ಬೈಟ್‌ಗಳ ಸಾಲೇ. ಎಚ್‌ಟಿಟಿಪಿಯೊಳಗೆ ಏನಾದರೂ ಕೆಟ್ಟಾಗ ಕಾಣಿಸುವ ದೋಷಗಳೂ ಸಾಕೆಟ್‌ನವೇ.

‘ಬೆಲ್ಲ’ ಎಷ್ಟು ಬೈಟ್?

ಟಿಸಿಪಿಗೆ ಸಂದೇಶ ಎಂಬ ಕಲ್ಪನೆಯೇ ಇಲ್ಲ. ಹೊಸಬರು ಮೊದಲು ಎಡವುವುದು ಇಲ್ಲಿ. ನೀವು ಮೂರು ಸಲ ಕಳಿಸಿದ್ದು ಆಚೆ ಒಂದೇ ಸಲಕ್ಕೆ ಸಿಗಬಹುದು. ಒಂದೇ ಸಲ ಕಳಿಸಿದ್ದು ಎರಡು ತುಂಡಾಗಿ ಸಿಗಬಹುದು. ಬೈಟ್‌ಗಳು ಕ್ರಮ ತಪ್ಪದೆ ಬರುತ್ತವೆ ಎಂಬುದಷ್ಟೇ ಅದರ ಭರವಸೆ. ಎಲ್ಲಿಗೆ ಒಂದು ಬಿಲ್ ಮುಗಿಯಿತು, ಎಲ್ಲಿಂದ ಇನ್ನೊಂದು ಶುರು ಎಂಬುದನ್ನು ನೀವೇ ಗುರುತು ಹಾಕಬೇಕು. ಲ್ಯಾಪ್‌ಟಾಪಿನೊಳಗೇ ಪರೀಕ್ಷೆ ಮಾಡುವಾಗ ಸಣ್ಣ ಸಂದೇಶ ಬಹುತೇಕ ಇಡಿಯಾಗಿಯೇ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಈಥರ್ನೆಟ್‌ನ ಒಂದು ಚೌಕಟ್ಟಿನಲ್ಲಿ ಹಿಡಿಸುವುದು 1500 ಬೈಟ್. ಬಿಲ್ ಅದಕ್ಕಿಂತ ಉದ್ದವಾದ ದಿನ ತುಂಡುಗಳು ಕಾಣಿಸತೊಡಗುತ್ತವೆ.

ಗುರುತು ಹಾಕಲು ಎರಡು ಬಗೆ. ಪ್ರತಿ ಸಂದೇಶದ ಕೊನೆಗೆ ಹೊಸಸಾಲಿನ ಚಿಹ್ನೆ ಇಡುವುದು ಒಂದು. ಜೇಸನ್ ಒಂದೇ ಸಾಲಿನಲ್ಲಿದ್ದರೆ ಇದು ಸೊಗಸಾಗಿ ನಡೆಯುತ್ತದೆ. ಇನ್ನೊಂದು, ಮೊದಲು 4 ಬೈಟ್‌ಗಳಲ್ಲಿ ಸಂದೇಶದ ಉದ್ದ ಬರೆದು ಆಮೇಲೆ ಸಂದೇಶ ಕಳಿಸುವುದು. ಪಡೆಯುವವರು ಮೊದಲು ಪೂರ್ತಿ 4 ಬೈಟ್ ಬರುವವರೆಗೆ ಓದಬೇಕು, ನಂತರ ಅದು ಹೇಳಿದಷ್ಟು ಬೈಟ್ ಬರುವವರೆಗೆ ಮತ್ತೆ ಮತ್ತೆ ಓದಬೇಕು. ಒಮ್ಮೆ ‘ರಿಸೀವ್’ ಕರೆದು ಕೈ ತೊಳೆದುಕೊಳ್ಳುವಂತಿಲ್ಲ. ಓದಿದಾಗ ಖಾಲಿ ಬಂದರೆ ಆಚೆಯವರು ಸಂಪರ್ಕ ಮುಚ್ಚಿದ್ದಾರೆಂದು ಅರ್ಥ. ಇದನ್ನು ನೋಡದೆ ಬರೆದ ಲೂಪ್ ಕೊನೆಯಿಲ್ಲದೆ ಸುತ್ತಿ ಪ್ರೊಸೆಸರನ್ನು ತಿಂದುಹಾಕುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ವಿಶೇಷ ಬಲೆ ಇದೆ. ‘ಬೆಲ್ಲ’ ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಬ, ಎತ್ವ, ಲ, ವಿರಾಮ ಚಿಹ್ನೆ, ಲ ಎಂದು 5 ಸಂಕೇತ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 5 ಅನ್ನುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಹಾಗಾಗಿ ತಂತಿಯ ಮೇಲೆ ಹೋಗುವುದು 15. ಉದ್ದದ ಜಾಗದಲ್ಲಿ 5 ಎಂದು ಬರೆದು 15 ಬೈಟ್ ಕಳಿಸಿದಿರೋ, ಆಚೆಯವರು ‘ಬ’ವನ್ನೂ ಎತ್ವದ ಮೂರು ಬೈಟ್‌ಗಳಲ್ಲಿ ಎರಡನ್ನೂ ಓದಿ ನಿಲ್ಲುತ್ತಾರೆ. ಉಳಿದ ಬೈಟ್‌ಗಳಲ್ಲಿ ಮೊದಲ ನಾಲ್ಕನ್ನು ಮುಂದಿನ ಸಂದೇಶದ ಉದ್ದವೆಂದು ತಿಳಿಯುತ್ತಾರೆ. ಲೆಕ್ಕ ಹಾಕಿದರೆ ಆ ‘ಉದ್ದ’ 226 ಕೋಟಿ ಬೈಟ್! ಸರ್ವರ್ ಅಷ್ಟಕ್ಕಾಗಿ ಕಾಯುತ್ತ ಕೂರುತ್ತದೆ, ಯಾವ ದೋಷವನ್ನೂ ತೋರಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ‘ಟೆಸ್ಟ್’ ಎಂದು ಬರೆದು ಪರೀಕ್ಷಿಸಿದವರಿಗೆ ಇದು ಎಂದೂ ಎದುರಾಗದು, ಏಕೆಂದರೆ ಅಲ್ಲಿ ಅಕ್ಷರವೂ ಬೈಟೂ ಒಂದೇ ಲೆಕ್ಕ. ಆದ್ದರಿಂದ ಮೊದಲು ಎನ್‌ಕೋಡ್ ಮಾಡಿ, ಆಮೇಲೆ ಉದ್ದ ಅಳೆಯಿರಿ.

ಇದರದೇ ಇನ್ನೊಂದು ಮುಖ: 1024 ಬೈಟ್‌ಗಳ ತುಂಡು ತುಂಡಾಗಿ ಓದಿ ಪ್ರತಿ ತುಂಡನ್ನೂ ಆಗಿಂದಾಗಲೇ ಪಠ್ಯವಾಗಿ ಬದಲಿಸುವುದು. 1024 ಮೂರರಿಂದ ಭಾಗವಾಗದು. ಬರೀ ಕನ್ನಡ ಅಕ್ಷರಗಳಿದ್ದರೆ ತುಂಡಿನ ಅಂಚಿನಲ್ಲಿ ಒಂದು ಸಂಕೇತ ಸೀಳಿಹೋಗುವುದು ಖಚಿತ. ಆಗ ದೋಷ ಬರುತ್ತದೆ, ಅದನ್ನು ಬಾಯಿಮುಚ್ಚಿಸಲು ಯಾರೋ ‘ಇಗ್ನೋರ್’ ಎಂಬ ಆಯ್ಕೆ ಹಾಕುತ್ತಾರೆ, ಅಲ್ಲಿಂದಾಚೆ ಬಿಲ್ಲುಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಮಾಯವಾಗತೊಡಗುತ್ತದೆ. ದೋಷ ತೋರಿಸುವ ತಂತ್ರಾಂಶಕ್ಕಿಂತ ಹೀಗೆ ಸದ್ದಿಲ್ಲದೆ ಅಕ್ಷರ ನುಂಗುವ ತಂತ್ರಾಂಶ ಕೆಟ್ಟದ್ದು. ಪೂರ್ತಿ ಸಂದೇಶ ಕೈಗೆ ಬಂದ ಮೇಲೆಯೇ ಡಿಕೋಡ್ ಮಾಡಿ.

ಉದ್ದಕ್ಕೊಂದು ಮಿತಿಯನ್ನೂ ಇಡಿ. ನಮ್ಮ ಬಿಲ್ಲಿಗೆ 1 ಎಂಬಿ ಧಾರಾಳ. ಯಾರಾದರೂ ಬ್ರೌಸರಿನಲ್ಲಿ ನಿಮ್ಮ ಪೋರ್ಟಿನ ವಿಳಾಸ ಒತ್ತಿದರೆ ಅದು ಎಚ್‌ಟಿಟಿಪಿಯ ‘ಗೆಟ್’ ಪದ ಮತ್ತೊಂದು ಖಾಲಿ ಜಾಗದಿಂದ ಮಾತು ಶುರು ಮಾಡುತ್ತದೆ. ಆ 4 ಬೈಟ್‌ಗಳನ್ನು ಸಂಖ್ಯೆಯಾಗಿ ಓದಿದರೆ 1,19,57,25,856. ಮಿತಿ ಇಲ್ಲದ ಸರ್ವರ್ ಒಂದು ಜಿಬಿಗೂ ಹೆಚ್ಚು ಮೆಮೊರಿ ಕೇಳಲು ಹೊರಡುತ್ತದೆ. ಲಾಗ್‌ನಲ್ಲಿ ಈ ಸಂಖ್ಯೆ ಕಂಡರೆ ಏನಾಯಿತೆಂದು ಇನ್ನು ನಿಮಗೆ ಗೊತ್ತು.

ಸಣ್ಣ ಮಾತೊಂದು: ಉದ್ದವನ್ನೂ ಸಂದೇಶವನ್ನೂ ಬೇರೆ ಬೇರೆ ಕಳಿಸದೆ ಒಂದೇ ಬೈಟ್ ಸಾಲಾಗಿ ಸೇರಿಸಿ ‘ಸೆಂಡ್‌ಆಲ್’ ಮಾಡಿ. ಸಣ್ಣ ತುಂಡುಗಳನ್ನು ತಡೆದು ಒಟ್ಟಿಗೆ ಕಳಿಸುವ ನೇಗಲ್ ವಿಧಾನ 1984ರಿಂದ ಟಿಸಿಪಿಯಲ್ಲಿದೆ. ಎರಡು ತುಂಡಾಗಿ ಕಳಿಸಿದರೆ ಒಂದೊಂದು ಬಿಲ್ಲಿಗೂ ಕಾರಣ ತಿಳಿಯದಂಥ ತಡ ಸೇರಿಕೊಳ್ಳಬಹುದು.

ಕಿಟಕಿ ಬಿಳಿಚಿಕೊಳ್ಳುವುದೇಕೆ

ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಪರದೆಯ ಕೆಲಸವೆಲ್ಲ ಒಂದೇ ಥ್ರೆಡ್‌ನದ್ದು. ಗುಂಡಿ ಒತ್ತಿದ್ದು, ಮೌಸ್ ಸರಿದದ್ದು, ಕಿಟಕಿಯನ್ನು ಮತ್ತೆ ಬಿಡಿಸಬೇಕಾದದ್ದು, ಎಲ್ಲವನ್ನೂ ಅದೊಂದೇ ಸರದಿಯಂತೆ ನೋಡಿಕೊಳ್ಳುತ್ತದೆ. ಗುಂಡಿ ಒತ್ತಿದಾಗ ನಡೆಯುವ ಕೋಡಿನಲ್ಲೇ ನೆಟ್‌ವರ್ಕ್ ಉತ್ತರಕ್ಕೆ ಕಾಯುವುದೆಂದರೆ, ದರ್ಶಿನಿಯಲ್ಲಿ ಟೋಕನ್ ಕೊಡುವವನು ನಿಮ್ಮ ಮಸಾಲೆ ದೋಸೆ ಬೇಯುವವರೆಗೆ ಅಡುಗೆಮನೆಯಲ್ಲಿ ಹೋಗಿ ನಿಂತ ಹಾಗೆ. ಅಷ್ಟು ಹೊತ್ತು ಕೌಂಟರಿನಲ್ಲಿ ಯಾರೂ ಇಲ್ಲ. 5 ಸೆಕೆಂಡ್ ಕಾಲ ಕಿಟಕಿ ಯಾವ ಸೂಚನೆಗೂ ಸ್ಪಂದಿಸದಿದ್ದರೆ ವಿಂಡೋಸ್ ಅದನ್ನು ನಿಂತುಹೋದದ್ದೆಂದು ಪರಿಗಣಿಸುತ್ತದೆ. ಅಂಗಡಿಯವರು ಅದನ್ನು ಮುಚ್ಚಿ ಮತ್ತೆ ತೆರೆಯುತ್ತಾರೆ. ಅರ್ಧ ಹಾಕಿದ ಬಿಲ್ ಹೋಯಿತು.

ಟಿಕಿಂಟರ್‌ನಲ್ಲಿ ದಾರಿ ಹೀಗೆ: ನೆಟ್‌ವರ್ಕಿಗೆಂದೇ ಬೇರೊಂದು ಥ್ರೆಡ್, ನಡುವೆ ಎರಡು ಕ್ಯೂ. ಗುಂಡಿ ಒತ್ತಿದರೆ ಬಿಲ್ಲನ್ನು ಒಂದು ಕ್ಯೂಗೆ ಹಾಕಿ ಕೂಡಲೇ ಮರಳಬೇಕು. ನೆಟ್‌ವರ್ಕ್ ಥ್ರೆಡ್ ಅದನ್ನು ತೆಗೆದುಕೊಂಡು ಕಳಿಸಿ, ಫಲಿತಾಂಶವನ್ನು ಇನ್ನೊಂದು ಕ್ಯೂಗೆ ಹಾಕುತ್ತದೆ. ಪರದೆಯ ಥ್ರೆಡ್ ‘ಆಫ್ಟರ್’ ಎಂಬ ವಿಧಾನದಿಂದ 100 ಮಿಲಿಸೆಕೆಂಡಿಗೊಮ್ಮೆ ಆ ಕ್ಯೂ ಇಣುಕಿ ನೋಡುತ್ತದೆ. ನೆಟ್‌ವರ್ಕ್ ಥ್ರೆಡ್ ನೇರವಾಗಿ ಲೇಬಲ್ ಬದಲಿಸಲು ಹೋಗಕೂಡದು. ಹತ್ತು ಸಲ ನಡೆದು ಹನ್ನೊಂದನೆಯ ಸಲ ಕುಸಿಯುವ ತರಹದ ತೊಂದರೆ ಅದು, ಹಿಡಿಯುವುದು ಬಲು ಕಷ್ಟ. ಕ್ಯೂಟಿಯಲ್ಲಾದರೆ ಅದರದೇ ಟಿಸಿಪಿ ಸಾಕೆಟ್ ಇದೆ, ಡೇಟಾ ಬಂದಾಗ ಸಿಗ್ನಲ್ ಕೊಡುತ್ತದೆ, ಬೇರೆ ಥ್ರೆಡ್ ಬೇಕಾಗುವುದು ಅಪರೂಪ. ಜಾವಾ ಸ್ವಿಂಗ್‌ಗೆ ಸ್ವಿಂಗ್‌ವರ್ಕರ್. ಸಿ ಶಾರ್ಪ್‌ನಲ್ಲಿ ಅಸಿಂಕ್ ಮತ್ತು ಅವೇಟ್. ಆದರೆ ಅವೇಟ್ ಬರೆಯಲು ಬೇಸರವಾಗಿ ಟಾಸ್ಕ್‌ನ ‘ರಿಸಲ್ಟ್’ ಅನ್ನು ಪರದೆಯ ಥ್ರೆಡ್‌ನಲ್ಲೇ ಕೇಳಿದರೆ ಎರಡೂ ಒಂದಕ್ಕೊಂದು ಕಾಯುತ್ತ ಶಾಶ್ವತವಾಗಿ ಸಿಕ್ಕಿಕೊಳ್ಳಬಹುದು.

ಮೌನಕ್ಕೆ ಎರಡು ಅರ್ಥ

‘ಆಗದು’ ಎಂಬ ಉತ್ತರ ಬಂದರೆ ಚಿಂತೆಯಿಲ್ಲ. ಕನೆಕ್ಷನ್ ರೆಫ್ಯೂಸ್ಡ್ ಎಂಬ ದೋಷದಿಂದ ಸಾಮಾನ್ಯವಾಗಿ ತಿಳಿಯುವುದು ಇಷ್ಟು: ಆ ಕಂಪ್ಯೂಟರ್ ಚಾಲೂ ಇದೆ, ಅದರ ಮೇಲೆ ನಮ್ಮ ತಂತ್ರಾಂಶ ಓಡುತ್ತಿಲ್ಲ. ಟೈಮ್‌ಔಟ್ ಆದರೆ ಕಂಪ್ಯೂಟರೇ ಆಫ್, ಅಥವಾ ವಿಳಾಸ ತಪ್ಪು, ಅಥವಾ ಫೈರ್‌ವಾಲ್ ತಡೆದಿದೆ. ಎರಡಕ್ಕೂ ‘ನೆಟ್‌ವರ್ಕ್ ದೋಷ’ ಎಂಬ ಒಂದೇ ಸಂದೇಶ ತೋರಿಸುವುದು ಸೋಮಾರಿತನ. ‘ಗೋಡೌನಿನ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆದಿಲ್ಲ’, ‘ಗೋಡೌನಿನ ಕಂಪ್ಯೂಟರ್ ಸಿಗುತ್ತಿಲ್ಲ, ಆನ್ ಇದೆಯೇ ನೋಡಿ’ ಎಂದು ಬಿಡಿಸಿ ಹೇಳಿದರೆ ಅಂಗಡಿಯವರೇ ಅರ್ಧ ತೊಂದರೆ ಸರಿಪಡಿಸಿಕೊಳ್ಳುತ್ತಾರೆ, ನಿಮಗೆ ಫೋನ್ ಬರುವುದಿಲ್ಲ.

ಟೈಮ್‌ಔಟ್ ಎಷ್ಟೆಂದು ನೀವು ಹೇಳದಿದ್ದರೆ ಆಪರೇಟಿಂಗ್ ಸಿಸ್ಟಂ ತನ್ನ ಲೆಕ್ಕ ಹಾಕುತ್ತದೆ: ಸಂಪರ್ಕ ಸಿಗದಿದ್ದಾಗ ವಿಂಡೋಸ್ ಸುಮಾರು 21 ಸೆಕೆಂಡ್, ಲಿನಕ್ಸ್ ಎರಡು ನಿಮಿಷಕ್ಕೂ ಮೇಲೆ. ಸಂಪರ್ಕ ಸಿಕ್ಕ ಮೇಲೆ ಓದಲು ಕಾಯುವುದಕ್ಕೆ ಮಿತಿಯೇ ಇಲ್ಲ. ಪೈಥಾನ್‌ನ ಜನಪ್ರಿಯ ರಿಕ್ವೆಸ್ಟ್ಸ್ ಲೈಬ್ರರಿಯೂ ತಾನಾಗಿ ಟೈಮ್‌ಔಟ್ ಇಡುವುದಿಲ್ಲ. ಅಂಗಡಿಯೊಳಗಿನ ನೆಟ್‌ವರ್ಕಿಗೆ ಸಂಪರ್ಕಕ್ಕೆ 3 ಸೆಕೆಂಡ್, ಉತ್ತರಕ್ಕೆ 10 ಸೆಕೆಂಡ್ ಸಾಕು.

ತೆರೆದೇ ಇಟ್ಟ ಸಂಪರ್ಕದ ಕತೆ ಇನ್ನೂ ವಿಚಿತ್ರ. ಗೋಡೌನಿನ ಕಂಪ್ಯೂಟರಿಗೆ ದಿಢೀರನೆ ಕರೆಂಟ್ ಹೋದರೆ ಅದು ‘ಹೋಗಿಬರುತ್ತೇನೆ’ ಎಂದು ಹೇಳುವುದಿಲ್ಲ. ಏನನ್ನೂ ಕಳಿಸದೆ ಸುಮ್ಮನೆ ಓದಲು ಕಾದಿರುವ ಈಚೆ ಕಡೆಗೆ ಸಂಪರ್ಕ ಹಾಗೇ ಇದೆ ಅನ್ನಿಸುತ್ತಿರುತ್ತದೆ. ಟಿಸಿಪಿಯ ಕೀಪ್‌ಅಲೈವ್ ಚಾಲೂ ಮಾಡಿದರೂ ಅದರ ರೂಢಿಯ ಅವಧಿ 2 ಗಂಟೆ. ಅಷ್ಟರಲ್ಲಿ ಮಧ್ಯಾಹ್ನದ ವ್ಯಾಪಾರ ಮುಗಿದಿರುತ್ತದೆ. ನಿಮ್ಮದೇ ಒಂದು ಪುಟ್ಟ ‘ಇದ್ದೀಯಾ’ ಸಂದೇಶವನ್ನು 15 ಸೆಕೆಂಡಿಗೊಮ್ಮೆ ಕಳಿಸಿ. ಸತತ ಮೂರಕ್ಕೆ ಉತ್ತರ ಬರದಿದ್ದರೆ ಸಂಪರ್ಕ ಮುಚ್ಚಿ ಹೊಸದಾಗಿ ಶುರು ಮಾಡಿ.

ಕಠಿಣ ಪ್ರಶ್ನೆ ಮುಂದಿದೆ. ಬಿಲ್ ಕಳಿಸಿದಿರಿ, ‘ತಲುಪಿತು’ ಎಂಬ ಉತ್ತರ ಬರಲಿಲ್ಲ. ಬಿಲ್ಲೇ ತಲುಪಲಿಲ್ಲವೋ, ತಲುಪಿ ಉತ್ತರ ಮಾತ್ರ ಕಳೆದುಹೋಯಿತೋ? ಈಚೆ ಕಡೆಯಿಂದ ಅದನ್ನು ತಿಳಿಯುವ ಉಪಾಯವೇ ಇಲ್ಲ. ಮತ್ತೆ ಕಳಿಸಿದರೆ ಗೋಡೌನಿನಲ್ಲಿ ಅದೇ 25 ಕೆಜಿ ಬೇಳೆ ಎರಡು ಸಲ ಇಳಿಯಬಹುದು, ಕಳಿಸದಿದ್ದರೆ ಗಿರಾಕಿ ಬರಿಗೈಯಲ್ಲಿ ನಿಲ್ಲಬಹುದು. ಪ್ರತಿ ಬಿಲ್ಲಿಗೂ ಹುಟ್ಟಿದಾಗಲೇ ಬೇರೆಲ್ಲೂ ಬಾರದಂಥ ಗುರುತಿನ ಸಂಖ್ಯೆ ಕೊಡುವುದು ಇದಕ್ಕೆ ಮದ್ದು. ಪೈಥಾನ್‌ನ ಯುಯುಐಡಿ ಸಾಕು. ಉತ್ತರ ಬರುವವರೆಗೆ ಅದೇ ಸಂಖ್ಯೆಯೊಡನೆ ಎಷ್ಟು ಸಲ ಬೇಕಾದರೂ ಕಳಿಸಿ. ಪಡೆಯುವವರು ಈ ಸಂಖ್ಯೆ ಮೊದಲೇ ನೋಡಿದ್ದರೆ ಬಿಲ್ಲನ್ನು ಪಕ್ಕಕ್ಕಿಟ್ಟು ‘ತಲುಪಿತು’ ಎಂದಷ್ಟೇ ಹೇಳಬೇಕು. ಹೊಸದಾದರೆ ಡೇಟಾಬೇಸಿಗೆ ಬರೆದು, ಕಮಿಟ್ ಆದ ಮೇಲೆ ಹೇಳಬೇಕು. ಕಮಿಟ್‌ಗೆ ಮುಂಚೆ ಹೇಳಿ ಆ ಕ್ಷಣಕ್ಕೆ ಕರೆಂಟ್ ಹೋದರೆ ಬಿಲ್ ಎರಡೂ ಕಡೆ ಇಲ್ಲವಾಗುತ್ತದೆ.

ಕಳಿಸುವ ಕಡೆಯಲ್ಲೂ ಬಿಲ್ ಮೊದಲು ತನ್ನದೇ ಎಸ್‌ಕ್ಯೂಎಲೈಟ್ ಫೈಲಿನ ‘ಕಳಿಸಬೇಕಾದವು’ ಪಟ್ಟಿಗೆ ಹೋಗಲಿ, ಉತ್ತರ ಬಂದ ಮೇಲೆ ಅಲ್ಲಿಂದ ಅಳಿಸಲಿ. ಆಗ ನೆಟ್‌ವರ್ಕ್ ಇಲ್ಲದಿದ್ದರೂ ಬಿಲ್ಲಿಂಗ್ ನಡೆಯುತ್ತದೆ. ಪರದೆಯ ಮೂಲೆಯಲ್ಲಿ ‘4 ಬಿಲ್ ಬಾಕಿ’ ಎಂದು ಕಾಣುತ್ತಿದ್ದರೆ ಅಂಗಡಿಯವರು ಕೂಗಿ ಹೇಳಿಯಾದರೂ ಕೆಲಸ ಸಾಗಿಸುತ್ತಾರೆ. ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಅಳವಡಿಸಿಕೊಳ್ಳಲು ನಿಮಗೆ ಸಮಯವಿದ್ದರೆ ಇದನ್ನು ಆರಿಸಿಕೊಳ್ಳಿ.

ಮರುಪ್ರಯತ್ನದ ನಡುವಿನ ಬಿಡುವು 1, 2, 4, 8 ಸೆಕೆಂಡ್ ಎಂದು ಏರುತ್ತ 60ಕ್ಕೆ ನಿಲ್ಲಲಿ, ಜೊತೆಗೆ ಒಂದಿಷ್ಟು ಯಾದೃಚ್ಛಿಕ ಅಂತರವಿರಲಿ. ಕರೆಂಟ್ ಬಂದ ತಕ್ಷಣ ಎಲ್ಲ ಕಂಪ್ಯೂಟರುಗಳೂ ಒಂದೇ ಗಳಿಗೆಯಲ್ಲಿ ಸರ್ವರಿನ ಮೇಲೆ ಮುಗಿಬೀಳುವುದು ಅದರಿಂದ ತಪ್ಪುತ್ತದೆ.

ವಿಳಾಸ, ಬಾಗಿಲು, ಬೀಗ

ಸರ್ವರನ್ನು 127.0.0.1ಕ್ಕೆ ಕಟ್ಟಿದರೆ ಅದೇ ಕಂಪ್ಯೂಟರಿನವರು ಬಿಟ್ಟು ಬೇರೆ ಯಾರಿಗೂ ಅದು ಕಾಣದು. ‘ನನ್ನಲ್ಲಿ ನಡೆಯುತ್ತೆ, ಅಲ್ಲಿ ನಡೆಯಲ್ಲ’ ಎಂಬ ದೂರಿಗೆ ಇದು ಹಳೆಯ ಕಾರಣ. 0.0.0.0 ಅಂದರೆ ಎಲ್ಲ ನೆಟ್‌ವರ್ಕುಗಳಿಂದಲೂ ಸ್ವೀಕರಿಸು ಎಂದರ್ಥ. ರೂಟರ್ ಕೊಡುವ 192.168ರಿಂದ ಶುರುವಾಗುವ ವಿಳಾಸ ನಾಳೆ ಬದಲಾಗಬಹುದು. ರೂಟರಿನ ಸೆಟ್ಟಿಂಗ್‌ನಲ್ಲಿ ಗೋಡೌನಿನ ಕಂಪ್ಯೂಟರಿಗೆಂದೇ ಒಂದು ವಿಳಾಸ ಕಾಯ್ದಿರಿಸಿ. ಅದನ್ನು ಕೋಡಿನಲ್ಲಿ ಹುದುಗಿಸದೆ, ಬದಲಿಸಬಹುದಾದ ಸೆಟ್ಟಿಂಗ್ ಪುಟದಲ್ಲಿಡಿ.

ಸರ್ವರ್ ಮೊದಲ ಸಲ ಓಡಿದಾಗ ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳುತ್ತದೆ. ಯಾರಾದರೂ ‘ಕ್ಯಾನ್ಸಲ್’ ಒತ್ತಿಬಿಟ್ಟರೆ ತಡೆಯುವ ನಿಯಮವೇ ದಾಖಲಾಗಿ, ಮುಂದೆ ಅದು ಕೇಳುವುದೂ ಇಲ್ಲ. ಅನುಮತಿಯನ್ನು ಇನ್‌ಸ್ಟಾಲರಿನಲ್ಲೇ ಸೇರಿಸಿ. ಅಂಗಡಿಯ ವೈಫೈ ‘ಪಬ್ಲಿಕ್’ ಎಂದು ಗುರುತಾಗಿದೆಯೇ ಅದನ್ನೂ ನೋಡಿ.

ಮಾಲೀಕರು ಮನೆಯಿಂದಲೂ ನೋಡಬೇಕು ಅನ್ನುತ್ತಾರೆ, ಒಂದಲ್ಲ ಒಂದು ದಿನ. ರೂಟರಿನಲ್ಲಿ ಪೋರ್ಟ್ ತೆರೆಯುವ ದಾರಿಯನ್ನು ನಾನು ಸೂಚಿಸಲಾರೆ. ಇಂಟರ್ನೆಟ್ ಕಂಪನಿ ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದರೆ ಅದು ನಡೆಯುವುದೂ ಇಲ್ಲ. ರೂಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮದು ಅಂಥ ಸಂಪರ್ಕ. ಬಾಡಿಗೆಯ ಸರ್ವರೊಂದಕ್ಕೆ ಅಂಗಡಿ, ಮನೆ ಎರಡೂ ಹೊರಗಿನಿಂದ ಕರೆ ಮಾಡುವಂತೆ ರಚಿಸುವುದು ಸರಿಯಾದ ದಾರಿ. ಆಗ ಟಿಎಲ್‌ಎಸ್ ಕಡ್ಡಾಯ, 1.2 ಅಥವಾ 1.3ನೇ ಆವೃತ್ತಿ. ಪ್ರಮಾಣಪತ್ರದ ದೋಷ ಬಂತೆಂದು ಪರಿಶೀಲನೆಯನ್ನೇ ಆಫ್ ಮಾಡಬೇಡಿ. ಹಳೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ಹತ್ತು ವರ್ಷ ಹಿಂದೆ ಹೋಗಿರುತ್ತದೆ, ಆಗ ಎಲ್ಲ ಪ್ರಮಾಣಪತ್ರಗಳೂ ಅಮಾನ್ಯವಾಗಿ ಕಾಣುತ್ತವೆ. ಮೊದಲು ಗಡಿಯಾರ ನೋಡಿ.

ಪೈಥಾನ್‌ನ ಪಿಕಲ್ ರೂಪದಲ್ಲಿ ನೆಟ್‌ವರ್ಕಿನಿಂದ ಏನನ್ನೂ ಸ್ವೀಕರಿಸಬೇಡಿ. ಅದನ್ನು ಬಿಚ್ಚುವಾಗ ಕಳಿಸಿದವರು ಬರೆದ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿ ಓಡಬಲ್ಲದು. ಡೇಟಾಬೇಸಿನ ಪಾಸ್‌ವರ್ಡನ್ನು ಇಎಕ್ಸ್‌ಇ ಒಳಗೆ ಅಡಗಿಸಿದ್ದೇನೆ ಎಂಬ ನೆಮ್ಮದಿಯೂ ಬೇಡ, ಅದನ್ನು ಹೊರತೆಗೆಯುವುದು ಕಷ್ಟವೇನಲ್ಲ.

ಕೆಡಿಸಿ ನೋಡುವುದು

ನೆಟ್‌ವರ್ಕ್ ನಂಬಿಗಸ್ತ, ತಡ ಎಂಬುದೇ ಇಲ್ಲ ಎಂಬಂಥ ಭ್ರಮೆಗಳ ಪಟ್ಟಿಯೊಂದನ್ನು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಪೀಟರ್ ಡಾಯ್ಚ್ 1994ರಲ್ಲಿ ಮುಂದಿಟ್ಟರು. ಈ ಭ್ರಮೆಗಳನ್ನು ಕಳೆಯಲು ದುಬಾರಿ ಸಲಕರಣೆ ಬೇಕಿಲ್ಲ. ಬಿಲ್ ಹೋಗುತ್ತಿರುವಾಗ ರೂಟರಿನ ಪ್ಲಗ್ ಕೀಳಿ. ಸರ್ವರ್ ತಂತ್ರಾಂಶವನ್ನು ಟಾಸ್ಕ್ ಮ್ಯಾನೇಜರಿನಿಂದ ಕೊಲ್ಲಿ. ಲ್ಯಾಪ್‌ಟಾಪನ್ನು ಮುಚ್ಚಿ, ಚಹಾ ಕುಡಿದು ಬಂದು ತೆರೆಯಿರಿ. ವಿಂಡೋಸ್‌ನಲ್ಲಿ ಕ್ಲಮ್ಸಿ, ಲಿನಕ್ಸ್‌ನಲ್ಲಿ ಟಿಸಿ ನೆಟೆಮ್ ಬಳಸಿ ಬೇಕೆಂದೇ ತಡವನ್ನೂ ಪ್ಯಾಕೆಟ್ ನಷ್ಟವನ್ನೂ ಹುಟ್ಟಿಸಬಹುದು. ಪರೀಕ್ಷೆಯ ಬಿಲ್ಲಿನಲ್ಲಿ ಒತ್ತಕ್ಷರ ತುಂಬಿದ ಕನ್ನಡವೇ ಇರಲಿ, ಇನ್ನೂರು ಸಾಲಿನದೂ ಒಂದಿರಲಿ. ತಂತಿಯ ಮೇಲೆ ನಿಜವಾಗಿ ಏನು ಹೋಗುತ್ತಿದೆಯೆಂದು ನೋಡಲು ಉಚಿತವಾಗಿ ಸಿಗುವ ವೈರ್‌ಶಾರ್ಕ್ ಇದೆ. ಅರ್ಧ ದಿನ ಅದರ ಜೊತೆ ಕೂತರೆ ತಿಂಗಳ ಊಹಾಪೋಹ ತಪ್ಪುತ್ತದೆ.

ಕೊನೆಗೆ ಲಾಗ್. ಪ್ರತಿ ಪ್ರಯತ್ನದ ಸಮಯ, ಯಾವ ವಿಳಾಸಕ್ಕೆ, ಎಷ್ಟು ಬೈಟ್, ಬಿಲ್ಲಿನ ಗುರುತಿನ ಸಂಖ್ಯೆ, ದೋಷದ ಪೂರ್ತಿ ಹೆಸರು ಇಷ್ಟನ್ನು ಒಂದೊಂದು ಸಾಲಾಗಿ ಬರೆಯಿರಿ. ಗಿರಾಕಿಯ ಹೆಸರು, ಫೋನ್ ನಂಬರ್ ಅದರಲ್ಲಿ ಬೇಡ. ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಇಡಲು ಹೋದರೆ ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಹಕ್ಕಿರುವುದಿಲ್ಲ, ಆಪ್‌ಡೇಟಾ ಒಳಗೆ ಇಡಿ. 5 ಎಂಬಿ ದಾಟಿದರೆ ಹಳೆಯದನ್ನು ಅಳಿಸಿ ಹೊಸದು ಶುರುವಾಗಲಿ. ಸೆಟ್ಟಿಂಗ್ ಪುಟದಲ್ಲಿ ‘ಲಾಗ್ ನಕಲಿಸು’ ಎಂಬ ಗುಂಡಿಯೂ ಇರಲಿ, ಅಂಗಡಿಯವರು ಅದನ್ನೊತ್ತಿ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ಅಂಟಿಸಿ ಕಳಿಸುವಂತೆ.